ಹನ್ನೆರಡು ಗಂಟೆಯ ದುಡಿಮೆ: ‘ನನಗೇನೂ ಆಗಿಲ್ಲ’ ಎನ್ನುವ ಮನಸ್ಸನ್ನು ನಂಬಬಹುದೇ?

ಪ್ರಶ್ನೆ: ನಾನು ಬಾಗಲೂರು ಕಡೆಯವನು, ವಯಸ್ಸು 34. ತಮಿಳುನಾಡಿನ ಹೊಸೂರು ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಮೇಲೆ ಸಿ.ಎನ್.ಸಿ. (ಕಂಪ್ಯೂಟರ್ ನಿಯಂತ್ರಿತ) ಯಂತ್ರ ನಡೆಸುತ್ತೇನೆ. ಎಂಟು ಗಂಟೆಯ ಶಿಫ್ಟ್, ಅದರ ಮೇಲೆ ನಾಲ್ಕು ಗಂಟೆ ಓ.ಟಿ., ವಾರಕ್ಕೆ ಆರು ದಿನ. ಎರಡು ವಾರ ಹಗಲು, ಎರಡು ವಾರ ರಾತ್ರಿ. ತಂಗಿಯ ಮದುವೆಯ ಸಾಲ, ಮನೆ ಕಟ್ಟಿದ ಸಾಲ ಎರಡೂ ಇವೆ. ಒಂದೂವರೆ ವರ್ಷದಿಂದ ಹೀಗೆಯೇ ನಡೆದಿದೆ, ದೇಹಕ್ಕೆ ಅಭ್ಯಾಸವಾಗಿದೆ. ಆದರೆ ನಾನು ಮೊದಲಿನಂತಿಲ್ಲ ಎನ್ನುತ್ತಾಳೆ ಹೆಂಡತಿ. ಮಾತು ಕಡಿಮೆ, ಸಣ್ಣದಕ್ಕೂ ರೇಗುತ್ತೇನೆ, ಮಗ ಹತ್ತಿರ ಬರಲು ಹೆದರುತ್ತಾನೆ ಎಂದು ಅವಳ ದೂರು. ತಾಯಿ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸುತ್ತಾರೆ. ಈಚೆಗೆ ಒಂದೇ ಪೀಸನ್ನು ಎರಡೆರಡು ಸಲ ಅಳೆಯುತ್ತೇನೆ, ಮೊದಲು ಅಳೆದದ್ದು ನೆನಪಿರುವುದಿಲ್ಲ. ಅದು ಬಿಟ್ಟರೆ ನನಗೇನೂ ಆಗಿಲ್ಲ ಎಂದೇ ಅನ್ನಿಸುತ್ತದೆ. ಯಾರ ಮಾತು ಸರಿ? ಇದು ಮಾನಸಿಕ ಕಾಯಿಲೆಯೇ? ಓ.ಟಿ. ಬಿಟ್ಟರೆ ಸಂಸಾರ ನಡೆಯುವುದಿಲ್ಲ. ಡಾಕ್ಟರ ಬಳಿ ಹೋದರೆ ಕಂಪನಿಗೆ ಗೊತ್ತಾಗುತ್ತದೆಯೇ?

ಉತ್ತರ: ನಿಮ್ಮ ಹೆಂಡತಿಯ ಮಾತು ಸರಿ. ಸುತ್ತಿಬಳಸದೆ ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತಂದದ್ದು ‘ನನಗೇನೂ ಆಗಿಲ್ಲ ಎಂದೇ ಅನ್ನಿಸುತ್ತದೆ’ ಎಂಬ ಸಾಲು. ರೇಗುವುದು, ಮರೆವು ಇವೆಲ್ಲ ಅದರ ನಂತರದವು.

ಅತಿಯಾಗಿ ದುಡಿದು ನಿದ್ದೆಗೆಟ್ಟವರು ತಮ್ಮ ಸ್ಥಿತಿಯನ್ನು ತಾವೇ ಅಳೆಯಲಾರರು. ಇದು ನನ್ನ ಊಹೆಯಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನಮ್ಮ ವೃತ್ತಿಯಲ್ಲಿ ಪ್ರಸಿದ್ಧವಾಗಿದೆ. ಆರೋಗ್ಯವಂತರನ್ನು ಗುಂಪುಗಳಾಗಿ ವಿಂಗಡಿಸಿ, ಎರಡು ವಾರಗಳ ಕಾಲ ರಾತ್ರಿಗೆ ನಾಲ್ಕು, ಆರು ಅಥವಾ ಎಂಟು ಗಂಟೆ ಮಾತ್ರ ಮಲಗಲು ಬಿಟ್ಟರು. ಪ್ರತಿದಿನವೂ ಅವರ ಗಮನ, ನೆನಪು, ಪ್ರತಿಕ್ರಿಯೆಯ ವೇಗವನ್ನು ಪರೀಕ್ಷಿಸಿದರು. ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಸಾಮರ್ಥ್ಯ ದಿನದಿಂದ ದಿನಕ್ಕೆ ಕುಸಿಯುತ್ತಲೇ ಹೋಯಿತು. ಎರಡು ವಾರ ಮುಗಿಯುವ ಹೊತ್ತಿಗೆ ಅವರು ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಇಳಿದಿದ್ದರು. ಆದರೆ ‘ನಿಮಗೆ ಎಷ್ಟು ನಿದ್ದೆ ಬರುತ್ತಿದೆ, ಹೇಗನ್ನಿಸುತ್ತಿದೆ’ ಎಂದು ಕೇಳಿದರೆ, ಮೊದಲ ಕೆಲವು ದಿನಗಳ ನಂತರ ಅವರ ಉತ್ತರ ಹೆಚ್ಚುಕಡಿಮೆ ಒಂದೇ ಆಗಿತ್ತು: ಪರವಾಗಿಲ್ಲ, ಹೊಂದಿಕೊಂಡಿದ್ದೇನೆ. ಸಾಮರ್ಥ್ಯ ಇಳಿಯುತ್ತಲೇ ಇತ್ತು, ಇಳಿದ ಅರಿವು ಮಾತ್ರ ನಿಂತುಹೋಗಿತ್ತು.

ನಿಮ್ಮ ಕೈಯಲ್ಲಿರುವ ಮೈಕ್ರೋಮೀಟರಿನ ಶೂನ್ಯ ತಪ್ಪಿದ್ದರೆ ಅದು ತಪ್ಪು ಪೀಸನ್ನೂ ಸರಿಯೆಂದೇ ತೋರಿಸುತ್ತದೆ. ಆ ಮೈಕ್ರೋಮೀಟರನ್ನು ಅದರಿಂದಲೇ ಪರೀಕ್ಷಿಸಲಾಗದು, ಬೇರೆ ಮಾಪಕ ಬೇಕು. ಸದ್ಯಕ್ಕೆ ನಿಮ್ಮ ಮನೆಯಲ್ಲಿ ಆ ಮಾಪಕ ನಿಮ್ಮ ಹೆಂಡತಿ, ಮತ್ತು ನಿಮ್ಮ ಮಗ.

ಈಗ ನಿಮ್ಮ ದಿನದ ಲೆಕ್ಕ ನೋಡೋಣ. ಹಗಲಿನ ಪಾಳಿ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಎಂದಿಟ್ಟುಕೊಳ್ಳಿ. ಬಾಗಲೂರು, ಬೇರಿಗೆ ಕಡೆಯ ಹಳ್ಳಿಗಳಿಂದ ಜನರನ್ನು ಹತ್ತಿಸಿಕೊಳ್ಳುತ್ತ ಬರುವ ಕಂಪನಿ ಬಸ್ಸು ಹಿಡಿಯಬೇಕಾದರೆ ನಾಲ್ಕೂಕಾಲಿಗೆ ಏಳಬೇಕು, ಐದಕ್ಕೆ ಮನೆ ಬಿಡಬೇಕು. ವಾಪಸ್ಸಾಗುವಾಗ ಏಳೂವರೆ. ಸ್ನಾನ, ಊಟ, ಅಂಗಡಿ ಸಾಮಾನು, ಸಾಲದ ಕಂತಿನ ಫೋನು, ತಾಯಿಯ ಮಾತ್ರೆ. ಹತ್ತು ಗಂಟೆಗೆ ಮಲಗಬೇಕಾದವರು ಹನ್ನೊಂದರವರೆಗೆ ಮೊಬೈಲ್ ನೋಡುತ್ತೀರಿ, ಏಕೆಂದರೆ ಇಡೀ ದಿನದಲ್ಲಿ ನಿಮ್ಮದು ಎನ್ನಬಹುದಾದ ಹೊತ್ತು ಅದೊಂದೇ. ಇದನ್ನು ನಾನು ದೂರುವುದಿಲ್ಲ. ನನ್ನ ಬಳಿ ಬರುವ ಬಹುತೇಕ ಕಾರ್ಮಿಕರು ಇದನ್ನೇ ಹೇಳುತ್ತಾರೆ. ಆದರೆ ಉಳಿದ ನಿದ್ದೆ ಐದೂಕಾಲು ಗಂಟೆ. ಆ ಪ್ರಯೋಗ ನಡೆದದ್ದು ಎರಡು ವಾರ. ನಿಮ್ಮದು ಒಂದೂವರೆ ವರ್ಷದಿಂದ ನಡೆಯುತ್ತಿದೆ.

ರಾತ್ರಿ ಪಾಳಿಯ ಕಥೆ ಇನ್ನೂ ಕಷ್ಟ. ದೇಹದ ಗಡಿಯಾರ ಬೆಳಕನ್ನು ನೋಡಿ ನಡೆಯುವಂಥದು. ಹಗಲಿನಲ್ಲಿ ಮಲಗಿದರೆ ನಿದ್ದೆ ಬೇಗ ಮುರಿಯುತ್ತದೆ. ಹೊರಗೆ ಮಿಕ್ಸಿ, ಮಕ್ಕಳು, ತರಕಾರಿ ಗಾಡಿಯ ಮೈಕ್ ಬೇರೆ. ಆ ಗಡಿಯಾರ ಹೊಸ ಸಮಯಕ್ಕೆ ತಿರುಗಲು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಯುತ್ತದೆ. ಭಾನುವಾರ ಮನೆಯವರ ಜೊತೆ ಹಗಲೆಲ್ಲ ಎಚ್ಚರವಿದ್ದರೆ ಅದೂ ಹಿಂದಕ್ಕೆ ಹೋಗುತ್ತದೆ. ಎರಡು ವಾರಕ್ಕೆ ಪಾಳಿ ಬದಲಾದಾಗ ಮತ್ತೆ ಮೊದಲಿನಿಂದ.

ಮಧ್ಯಾಹ್ನ ಒಂದಕ್ಕೆ ಎದ್ದು, ಸಂಜೆ ಆರಕ್ಕೆ ಕೆಲಸಕ್ಕೆ ಹೋಗಿ, ಬೆಳಿಗ್ಗೆ ಆರಕ್ಕೆ ಬಿಟ್ಟರೆ ನೀವು ಎಚ್ಚರವಿದ್ದು 17 ಗಂಟೆಯಾಗಿರುತ್ತದೆ. 17 ಗಂಟೆ ಎಚ್ಚರವಿದ್ದವರ ಕೈಕಣ್ಣುಗಳ ಹೊಂದಾಣಿಕೆಯನ್ನು ಮದ್ಯ ಕುಡಿದವರ ಜೊತೆ ಹೋಲಿಸಿದ ಅಧ್ಯಯನಗಳಿವೆ. ಅದು 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಮದ್ಯಸಾರ ಇರುವವರ ಮಟ್ಟಕ್ಕೆ ಇಳಿದಿರುತ್ತದೆ. ನಮ್ಮ ದೇಶದಲ್ಲಿ ವಾಹನ ಚಾಲಕರಿಗೆ ಕಾನೂನು ಹಾಕಿರುವ ಮಿತಿ 30. ಒಂದು ತೊಟ್ಟೂ ಕುಡಿಯದೆ ನೀವು ಆ ಗೆರೆ ದಾಟಿರುತ್ತೀರಿ. ಬಸ್ಸಿನಿಂದ ಇಳಿದು ಊರಿಗೆ ಬೈಕಿನಲ್ಲಿ ಹೋಗುವವರಾದರೆ ರಾತ್ರಿ ಪಾಳಿಯ ವಾರಗಳಲ್ಲಿ ದಯವಿಟ್ಟು ಬೈಕ್ ಬೇಡ. ಬೇರೊಬ್ಬರು ಬಂದು ಕರೆದುಕೊಂಡು ಹೋಗಲಿ, ಇಲ್ಲವೇ ಅಲ್ಲಿಯೇ ಎಲ್ಲಿಯಾದರೂ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಆಮೇಲೆ ಹೊರಡಿ.

ಒಂದೇ ಪೀಸನ್ನು ಎರಡು ಸಲ ಅಳೆಯುವುದಕ್ಕೂ ಇದೇ ಕಾರಣ. ಅದನ್ನು ನೀವು ಮರೆವು ಎಂದು ಬರೆದಿದ್ದೀರಿ. ಮೊದಲ ಸಲ ಅಳೆದಾಗ ಕೈ ಕೆಲಸ ಮಾಡಿತು, ಕಣ್ಣು ಅಂಕಿಯ ಮೇಲೆ ಹರಿಯಿತು, ಆದರೆ ಗಮನ ಅಲ್ಲಿರಲಿಲ್ಲ. ಗಮನವಿಲ್ಲದೆ ಮಾಡಿದ್ದು ನೆನಪಿಗೆ ಸೇರುವುದೇ ಇಲ್ಲ, ಮರೆಯುವ ಮಾತು ಎಲ್ಲಿಂದ ಬಂತು? ನಿದ್ದೆಗೆಟ್ಟ ಮಿದುಳು ಕಣ್ಣು ತೆರೆದಿರುವಾಗಲೇ ಒಂದೆರಡು ಸೆಕೆಂಡು ಜಾರಿಬಿಡುತ್ತದೆ, ಜಾರಿದ್ದು ನಿಮಗೆ ತಿಳಿಯುವುದಿಲ್ಲ. ನೀವು ಎರಡನೆಯ ಸಲ ಅಳೆಯುತ್ತಿದ್ದೀರಿ ಎಂಬುದು ನಿಮ್ಮ ಒಳ್ಳೆಯ ಕೆಲಸಗಾರಿಕೆ. ಆದರೆ ಅದೇ ಜಾರುವಿಕೆ ಯಂತ್ರದ ಬಾಗಿಲು ತೆರೆದಿರುವಾಗ, ಪೀಸನ್ನು ಹಿಡಿಯುವ ಚಕ್ ಬಿಗಿಯುವಾಗ ಆದರೆ ಎರಡನೆಯ ಅವಕಾಶ ಇರುವುದಿಲ್ಲ.

ಇನ್ನು ರೇಗುವ ವಿಷಯ. ಮಿದುಳಿನ ಆಳದಲ್ಲಿ ಭಯ, ಸಿಟ್ಟುಗಳನ್ನು ಹೊತ್ತಿಸುವ ಒಂದು ಭಾಗವಿದೆ. ಹಣೆಯ ಹಿಂಬದಿಯ ಭಾಗ ಅದನ್ನು ತಡೆದು ಹಿಡಿಯುತ್ತದೆ. ನಿದ್ದೆ ಕಡಿಮೆಯಾದಾಗ ಇವೆರಡರ ನಡುವಿನ ಹಿಡಿತ ಸಡಿಲವಾಗುತ್ತದೆ ಎಂಬುದನ್ನು ಮಿದುಳಿನ ಸ್ಕ್ಯಾನ್‌ಗಳಲ್ಲಿ ನೋಡಿದ್ದಾರೆ. ಮಗ ನೀರು ಚೆಲ್ಲಿದರೆ ಮೊದಲು ‘ಒರೆಸು ಮಗಾ’ ಎನ್ನುತ್ತಿದ್ದ ಬಾಯಿ ಈಗ ಕಿರುಚುತ್ತದೆ. ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಮುಂದೆ ಕಿರುಚಲಾಗದು, ಕೆಲಸ ಹೋಗುತ್ತದೆ. ಮನೆಯಲ್ಲಿ ಯಾರೂ ನಿಮ್ಮನ್ನು ಕೆಲಸದಿಂದ ತೆಗೆಯುವುದಿಲ್ಲ. ಹಾಗಾಗಿ ಹನ್ನೆರಡು ಗಂಟೆ ನುಂಗಿಕೊಂಡದ್ದು ಮನೆಯಲ್ಲಿ ಹೊರಬರುತ್ತದೆ, ನಿಮ್ಮನ್ನು ಹೆಚ್ಚು ಪ್ರೀತಿಸುವವರ ಮೇಲೆಯೇ ಬೀಳುತ್ತದೆ. ನೀವು ಕೆಟ್ಟ ತಂದೆಯಾಗಿದ್ದೀರಿ ಎಂದು ಇದರ ಅರ್ಥವಲ್ಲ. ಆದರೆ ಮಗುವಿಗೆ ಈ ವಿವರಣೆ ತಿಳಿಯದು. ‘ನನ್ನಿಂದಲೇ ಅಪ್ಪನಿಗೆ ಸಿಟ್ಟು’ ಎಂದೇ ಅದು ಲೆಕ್ಕ ಹಾಕುತ್ತದೆ. ಈ ವಾರವೇ ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿ: ಅಪ್ಪನಿಗೆ ನಿದ್ದೆ ಸಾಲದೆ ಸಿಟ್ಟು ಬರುತ್ತಿದೆ, ನಿನ್ನ ತಪ್ಪಿಲ್ಲ, ಅಪ್ಪ ಸರಿ ಮಾಡಿಕೊಳ್ಳುತ್ತಾನೆ. ಮಕ್ಕಳು ಇಂಥ ಮಾತನ್ನು ದೊಡ್ಡವರಿಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬಹುಶಃ ನಿಮ್ಮ ತಾಯಿಯೇ ಕೇಳಬಹುದು. ‘ನಿಮ್ಮಪ್ಪ ಹೊಲದಲ್ಲಿ ಸೂರ್ಯ ಹುಟ್ಟುವ ಮುಂಚೆಯಿಂದ ಮುಳುಗುವವರೆಗೆ ದುಡಿಯಲಿಲ್ಲವೇ? ಅವರಿಗೆ ಯಾವ ಡಾಕ್ಟರು ಬೇಕಾಗಿತ್ತು?’ ನಿಜ, ರಾಗಿ ಕಟಾವಿನ ದಿನಗಳಲ್ಲಿ, ಗುಲಾಬಿ ಅಥವಾ ಟೊಮ್ಯಾಟೊ ಮಾರುಕಟ್ಟೆಗೆ ಕಳಿಸುವ ದಿನಗಳಲ್ಲಿ ನಮ್ಮ ಕಡೆಯ ರೈತರು ಹನ್ನೆರಡು ಗಂಟೆಗಿಂತ ಹೆಚ್ಚು ದುಡಿಯುತ್ತಾರೆ. ಆದರೆ ಕಟಾವು ಮುಗಿಯುತ್ತದೆ. ನಡುವೆ ಹೊಂಗೆಯ ನೆರಳಿಗೆ ಹೋಗಿ ಕೂರಬೇಕೆಂದರೆ ಯಾರ ಅನುಮತಿಯೂ ಬೇಡ. ಕತ್ತಲಾದರೆ ಮಲಗುತ್ತಾರೆ. ಕೆಲಸದ ವೇಗ ಅವರ ಕೈಯಲ್ಲಿರುತ್ತದೆ. ನಿಮ್ಮ ಕೆಲಸದ ವೇಗವನ್ನು ಯಂತ್ರದ ಸೈಕಲ್ ಟೈಮ್, ಅಂದರೆ ಒಂದು ಪೀಸಿಗೆ ಅದು ತೆಗೆದುಕೊಳ್ಳುವ ಸಮಯ, ನಿರ್ಧರಿಸುತ್ತದೆ. ಮೂತ್ರಕ್ಕೆ ಹೋಗಬೇಕಾದರೂ ಪಕ್ಕದವನಿಗೆ ಹೇಳಿ ಹೋಗಬೇಕು. ಮನಸ್ಸು ಸವೆಯುವುದರಲ್ಲಿ ಗಂಟೆಗಳಷ್ಟೇ ಪಾಲು ಈ ಹಿಡಿತವಿಲ್ಲದಿರುವಿಕೆಗೂ ಇದೆ. ಕೆಲಸದ ಒತ್ತಡ ಹೆಚ್ಚು, ಸ್ವಂತ ನಿರ್ಧಾರಕ್ಕೆ ಅವಕಾಶ ಕಡಿಮೆ ಇರುವವರಲ್ಲಿ ಖಿನ್ನತೆ ಹೆಚ್ಚು ಎಂಬುದು ಹಲವು ದೇಶಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ.

ಬ್ರಿಟನ್ನಿನ ಸರ್ಕಾರಿ ನೌಕರರ ಆರೋಗ್ಯವನ್ನು ದಶಕಗಳಿಂದ ಗಮನಿಸುತ್ತಿರುವ ‘ವೈಟ್‌ಹಾಲ್’ ಎಂಬ ದೊಡ್ಡ ಅಧ್ಯಯನವಿದೆ. ದಿನಕ್ಕೆ 11 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿದವರಲ್ಲಿ ತೀವ್ರ ಖಿನ್ನತೆಯ ಸಾಧ್ಯತೆ, ಏಳೆಂಟು ಗಂಟೆ ದುಡಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಎಂದು 2012ರಲ್ಲಿ ಅದು ವರದಿ ಮಾಡಿತು. ಅವರು ಕಚೇರಿಯಲ್ಲಿ ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುತ್ತಿದ್ದವರು. ಗುತ್ತಿಗೆ ಯಾವಾಗ ಮುಗಿಯುತ್ತದೆಯೋ ಎಂಬ ಭಯ ಅವರಿಗಿರಲಿಲ್ಲ. ಇನ್ನು ದೇಹದ ಲೆಕ್ಕಕ್ಕೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಾಗಿ ಕೊಟ್ಟ ಅಂದಾಜು ಹೀಗಿದೆ: ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ನಿಮ್ಮದು 72 ಗಂಟೆ. ಊಟದ ಬಿಡುವು ದಿನಕ್ಕೆ ಒಂದು ಗಂಟೆ ಕಳೆದರೂ 66. ಜಪಾನಿನಲ್ಲಿ ನೌಕರನೊಬ್ಬ ಹೃದಯಾಘಾತ ಅಥವಾ ಮಿದುಳಿನ ರಕ್ತಸ್ರಾವದಿಂದ ಸತ್ತರೆ ಅದನ್ನು ಅತಿ ದುಡಿಮೆಯ ಸಾವೆಂದು ಪರಿಗಣಿಸಲು ಸರ್ಕಾರ ಒಂದು ಗೆರೆ ಹಾಕಿದೆ: ಕಾಯಿಲೆ ಕಾಣಿಸಿಕೊಳ್ಳುವ ಹಿಂದಿನ ಒಂದು ತಿಂಗಳಲ್ಲಿ 100 ಗಂಟೆ ಓವರ್‌ಟೈಮ್, ಅಥವಾ ಹಿಂದಿನ ಎರಡರಿಂದ ಆರು ತಿಂಗಳಲ್ಲಿ ಸರಾಸರಿ ತಿಂಗಳಿಗೆ 80 ಗಂಟೆ. ನಿಮ್ಮ ಓ.ಟಿ. ತಿಂಗಳಿಗೆ ನೂರರ ಆಸುಪಾಸಿನಲ್ಲಿದೆ. ಅಲ್ಲಿ ವಾರಕ್ಕೆ 40 ಗಂಟೆ ದಾಟಿದರೆ ಓವರ್‌ಟೈಮ್ ಲೆಕ್ಕ ಶುರುವಾಗುತ್ತದೆ, ಇಲ್ಲಿ 48 ದಾಟಿದ ಮೇಲೆ.

ಹೆದರಿಸಲು ಇದನ್ನು ಬರೆಯುತ್ತಿಲ್ಲ. ನಿಮಗೆ ಮೈಯೊಳಗಿನ ಎಚ್ಚರಿಕೆ ಕೇಳಿಸುತ್ತಿಲ್ಲವಾದ್ದರಿಂದ ಹೊರಗಿನ ಅಂಕಿಗಳನ್ನಾದರೂ ನೋಡಬೇಕಾಗಿದೆ.

ಇದು ಕಾಯಿಲೆಯೇ ಎಂದು ಕೇಳಿದ್ದೀರಿ. ಪತ್ರ ಓದಿ ಕಾಯಿಲೆಯ ಹೆಸರು ಹೇಳುವುದು ಸರಿಯಲ್ಲ, ಆದರೆ ಮೂರು ಸಾಧ್ಯತೆಗಳಿವೆ. ಒಂದು, ಬರಿಯ ನಿದ್ದೆಯ ಸಾಲ. ಎರಡನೆಯದು ಬರ್ನ್‌ಔಟ್ ಎಂದು ಈಗ ಪತ್ರಿಕೆಗಳಲ್ಲೂ ಬರುವ ಸ್ಥಿತಿ: ಪೂರ್ತಿ ಬಳಲಿಕೆ, ಕೆಲಸದ ಮೇಲೆಯೇ ಜಿಗುಪ್ಸೆ, ಎಷ್ಟು ಮಾಡಿದರೂ ಏನೂ ಆಗುತ್ತಿಲ್ಲ ಎಂಬ ಭಾವನೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆ ಎಂದು ಕರೆಯದೆ, ಉದ್ಯೋಗದಿಂದ ಹುಟ್ಟುವ ಸ್ಥಿತಿ ಎಂದು ಪಟ್ಟಿ ಮಾಡಿದೆ. ಮೂರನೆಯದು ಖಿನ್ನತೆ, ಅದು ಚಿಕಿತ್ಸೆ ಬೇಕಾದ ಕಾಯಿಲೆ. ಇವುಗಳನ್ನು ಬೇರ್ಪಡಿಸಲು ನಾನು ಮೊದಲು ಕೇಳುವುದು ರಜೆಯ ಬಗ್ಗೆ. ಎರಡು ಮೂರು ದಿನ ಸತತ ರಜೆ ಸಿಕ್ಕಿ, ಎಂಟೊಂಬತ್ತು ಗಂಟೆ ಮಲಗಿದರೆ ಬಾಯಿಗೆ ರುಚಿ ಬರುತ್ತದೆಯೇ? ಹೊಸೂರಿನ ಚಂದ್ರಚೂಡೇಶ್ವರನ ತೇರಿಗೆ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಬೇಕು ಎನ್ನಿಸುತ್ತದೆಯೇ? ಹಾಗೆ ಅನ್ನಿಸಿದರೆ ಬಹುಪಾಲು ದಣಿವು. ಹಬ್ಬ ಬಂದರೂ, ಮಲಗಿ ಎದ್ದರೂ ಯಾವುದರಲ್ಲೂ ಮನಸ್ಸಿಲ್ಲ, ಎರಡು ವಾರಕ್ಕಿಂತ ಹೆಚ್ಚು ಕಾಲ ಹಾಗೆಯೇ ಇದೆ, ಹಸಿವು ಕೆಟ್ಟಿದೆ, ಮಲಗಲು ಸಮಯ ಇದ್ದಾಗಲೂ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ, ತಾನು ಮನೆಗೆ ಹೊರೆ ಎನ್ನಿಸುತ್ತದೆ ಎಂದಾದರೆ ಅದನ್ನು ದಣಿವು ಎಂದು ತಳ್ಳಿಹಾಕಬೇಡಿ. ಸಾಯುವ ಯೋಚನೆ ಒಂದು ಸಲ ಸುಳಿದಿದ್ದರೂ ಮುಂದಿನ ರಜೆಗೆ ಕಾಯಬೇಡಿ, ಅಂದೇ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇರುತ್ತದೆ, ಶುಲ್ಕವಿಲ್ಲ. ಅದರಲ್ಲಿ ಕನ್ನಡವನ್ನು ಆಯ್ದುಕೊಳ್ಳಬಹುದು.

ಕನ್ನಡದ ಮಾತು ಬೇಕೆಂದೇ ಹೇಳುತ್ತಿದ್ದೇನೆ. ನಮ್ಮ ಕಡೆ ಕೆಲಸ ತಮಿಳಿನಲ್ಲಿ, ಸಂತೆಯ ವ್ಯವಹಾರ ಅರ್ಧ ತೆಲುಗಿನಲ್ಲಿ, ಮನೆಯ ಮಾತು ಕನ್ನಡದಲ್ಲಿ. ಬೇರೆಲ್ಲ ಕೆಲಸಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ಮನಸ್ಸಿನ ನೋವನ್ನು ಸೂಪರ್‌ವೈಸರ್ ಜೊತೆ ಆಡುವ ಭಾಷೆಯಲ್ಲಿ ಹೇಳಲು ಹೊರಟರೆ ಬಹಳ ಮಂದಿ ‘ತಲೆನೋವು, ಮೈಕೈ ನೋವು’ ಎಂದು ನಿಲ್ಲಿಸಿಬಿಡುತ್ತಾರೆ, ನೋವಿನ ಮಾತ್ರೆ ತೆಗೆದುಕೊಂಡು ಹೊರಡುತ್ತಾರೆ. ಹೊಸೂರಿನ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ವೈದ್ಯರು, ನರ್ಸ್‌ಗಳು ಇರುತ್ತಾರೆ, ಕೇಳಿ ನೋಡಿ. ಬೆಂಗಳೂರಿನ ನಿಮ್ಹಾನ್ಸ್ ಇರುವುದೂ ಹೊಸೂರು ರಸ್ತೆಯಲ್ಲೇ, ಅತ್ತಿಬೆಲೆ ದಾಟಿ ಅದೇ ದಾರಿಯಲ್ಲಿ.

ಯಾವ ವೈದ್ಯರ ಬಳಿ ಹೋದರೂ ಮೊದಲು ರಕ್ತಹೀನತೆ, ಥೈರಾಯ್ಡ್, ಸಕ್ಕರೆ, ಬಿ12 ಪರೀಕ್ಷೆ ಮಾಡಿಸಿ, ಗೊರಕೆಯ ವಿಷಯವನ್ನೂ ಹೇಳಿ. ಇವುಗಳಲ್ಲಿ ಯಾವುದು ಕೆಟ್ಟಿದ್ದರೂ ಇದೇ ಲಕ್ಷಣಗಳು ಕಾಣಬಹುದು. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ ನಿದ್ದೆ ಮಾತ್ರೆ ಬೇಡವೇ ಬೇಡ, ಅದು ಅಂಟಿಕೊಳ್ಳುತ್ತದೆ. ಖಿನ್ನತೆಗೆ ವೈದ್ಯರು ಕೊಡುವ ಮಾತ್ರೆ ಬೇರೆ ಜಾತಿಯದು. ಅದು ಚಟವಾಗುವುದಿಲ್ಲ, ಆದರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಗುಣ ಕಂಡ ಮೇಲೂ ವೈದ್ಯರು ಹೇಳುವವರೆಗೆ ನಿಲ್ಲಿಸಬಾರದು. ನೀವು ಕುಡಿಯುವ ವಿಷಯ ಬರೆದಿಲ್ಲ. ಕುಡಿದರೆ ನಿದ್ದೆ ಬೇಗ ಹತ್ತುತ್ತದೆ, ಆದರೆ ರಾತ್ರಿಯ ಎರಡನೆಯ ಅರ್ಧವನ್ನು ಅದು ಹಾಳು ಮಾಡುತ್ತದೆ. ಪಾಳಿ ಮುಗಿಸಿ ಟಾಸ್ಮಾಕ್ ಮದ್ಯದಂಗಡಿಯ ಮುಂದೆ ನಿಲ್ಲುವ ಗೆಳೆಯರಿಗೆ ಇದನ್ನು ಹೇಳಿ.

ಈಗ ಹಣದ ವಿಷಯ. ‘ಓ.ಟಿ. ಬಿಟ್ಟುಬಿಡಿ’ ಎಂದು ಬರೆದು ಕೈತೊಳೆದುಕೊಳ್ಳುವ ವೈದ್ಯರ ಮೇಲೆ ನನಗೆ ಸಿಟ್ಟಿದೆ. ಸಾಲ ಇರುವವನಿಗೆ ಅದು ಸಲಹೆಯೇ ಅಲ್ಲ. ನಿಮ್ಮ ಸಂಬಳದ ಚೀಟಿಯನ್ನು ತೆಗೆದು ನೋಡಿ. ಓ.ಟಿ.ಗೆ ಸಾಮಾನ್ಯ ದರದ ಎರಡರಷ್ಟು ಕೊಡಬೇಕು ಎಂಬುದು 1948ರ ಕಾರ್ಖಾನೆ ಕಾಯ್ದೆಯಿಂದಲೂ ಇರುವ ನಿಯಮ. ಗುತ್ತಿಗೆ ಕೆಲಸಗಾರರಿಗೂ ಅದು ಅನ್ವಯಿಸುತ್ತದೆ. ಅನೇಕ ಕಡೆ ಗುತ್ತಿಗೆದಾರರು ಒಂದೇ ದರ ಕೊಟ್ಟು ಮುಗಿಸುತ್ತಾರೆ. ಲೆಕ್ಕಕ್ಕೆ ನಿಮ್ಮ ದರ ಗಂಟೆಗೆ 80 ರೂಪಾಯಿ ಎನ್ನಿ. ವಾರಕ್ಕೆ 24 ಗಂಟೆ ಓ.ಟಿ.ಗೆ ಒಂದೇ ದರದಲ್ಲಿ 1,920 ರೂಪಾಯಿ. ನ್ಯಾಯವಾಗಿ ಎರಡರಷ್ಟು ಕೊಟ್ಟರೆ ಅದೇ 1,920 ರೂಪಾಯಿ 12 ಗಂಟೆಯಲ್ಲಿ ಬರುತ್ತದೆ. ಅಂದರೆ ವಾರಕ್ಕೆ ಮೂರು ದಿನ ನೀವು ಸಂಜೆ ಆರರ ಬದಲು ಮಧ್ಯಾಹ್ನ ಎರಡಕ್ಕೇ ಹೊರಡಬಹುದು, ಮನೆಗೆ ಬರುವ ಹಣ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ನಿಮ್ಮ ನಿದ್ದೆ ಎಲ್ಲಿ ಹೋಯಿತು ಎಂದು ಹುಡುಕುವಾಗ ಈ ಚೀಟಿಯನ್ನೂ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅದೇ ಕಾಯ್ದೆ ವಾರಕ್ಕೆ 48 ಗಂಟೆ, ಓ.ಟಿ. ಸೇರಿ 60 ಗಂಟೆ ಎಂದು ಗೆರೆ ಹಾಕಿತ್ತು. ಮೂರು ತಿಂಗಳಿಗೆ ಓ.ಟಿ. 50 ಗಂಟೆ, ವಿಶೇಷ ಅನುಮತಿ ಇದ್ದರೆ 75. ನಿಮ್ಮದು ಮೂರು ತಿಂಗಳಿಗೆ 300 ದಾಟುತ್ತದೆ. 2025ರ ನವೆಂಬರ್ 21ರಂದು ಕೇಂದ್ರವು ಹೊಸ ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಗಂಟೆಗಳ ಮಿತಿಯನ್ನು ನಿಯಮಗಳ ಮೂಲಕ ನಿಗದಿ ಮಾಡುವ ಅಧಿಕಾರ ಅದರಲ್ಲಿ ಸರ್ಕಾರಕ್ಕಿದೆ. ಎರಡರಷ್ಟು ವೇತನದ ನಿಯಮ ಹೊಸದರಲ್ಲೂ ಉಳಿದಿದೆ. ಕೆಲಸಗಾರನ ಒಪ್ಪಿಗೆಯಿಲ್ಲದೆ ಓ.ಟಿ. ಮಾಡಿಸುವಂತಿಲ್ಲ ಎಂಬುದನ್ನೂ ಬರೆದಿದ್ದಾರೆ. ತಮಿಳುನಾಡಿನಲ್ಲಿ 2023ರ ಏಪ್ರಿಲ್‌ನಲ್ಲಿ ಹನ್ನೆರಡು ಗಂಟೆಯ ಕೆಲಸಕ್ಕೆ ದಾರಿ ಮಾಡುವ ತಿದ್ದುಪಡಿ ವಿಧಾನಸಭೆಯಲ್ಲಿ ಅಂಗೀಕಾರವಾಗಿತ್ತು. ಕಾರ್ಮಿಕ ಸಂಘಗಳು ಒಟ್ಟಾಗಿ ವಿರೋಧಿಸಿದ ಮೇಲೆ ಮೇ 1ರಂದು ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಒಬ್ಬರೇ ಹೋಗಿ ಗುತ್ತಿಗೆದಾರನ ಮುಂದೆ ನಿಲ್ಲಬೇಡಿ. ನಾಲ್ಕೈದು ಜನ ಚೀಟಿಗಳನ್ನು ಒಟ್ಟು ಮಾಡಿ, ಸಂಘದವರ ಮೂಲಕ ಅಥವಾ ರಾಜ್ಯದ ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ನಿರ್ದೇಶನಾಲಯಕ್ಕೆ ಕೇಳಿ.

ಸೂಪರ್‌ವೈಸರ್ ‘ಉತ್ಪಾದನೆ ಬಿದ್ದುಹೋಗುತ್ತದೆ’ ಎಂದರೆ ಹಳೆಯದೊಂದು ಲೆಕ್ಕ ಹೇಳಿ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಕಾರ್ಮಿಕರ ಗಂಟೆ ಮತ್ತು ಉತ್ಪಾದನೆ ಎರಡನ್ನೂ ದಾಖಲಿಸಿಟ್ಟಿದ್ದರು. ಆ ದಾಖಲೆಗಳನ್ನು ಈಚೆಗೆ ಅರ್ಥಶಾಸ್ತ್ರಜ್ಞರು ಮತ್ತೆ ಪರಿಶೀಲಿಸಿದಾಗ, ವಾರಕ್ಕೆ ಸುಮಾರು 50 ಗಂಟೆ ದಾಟಿದ ಮೇಲೆ ಪ್ರತಿ ಹೆಚ್ಚುವರಿ ಗಂಟೆಯ ಫಲ ಕುಗ್ಗುತ್ತ ಹೋದದ್ದು, 70 ಗಂಟೆ ದುಡಿದವರು 56 ಗಂಟೆ ದುಡಿದವರಿಗಿಂತ ಹೆಚ್ಚೇನೂ ತಯಾರಿಸದೇ ಇದ್ದದ್ದು ಕಂಡುಬಂತು. ಎರಡೆರಡು ಸಲ ಅಳೆಯುವ ನಿಮ್ಮ ಕೈಗೆ ಈ ಲೆಕ್ಕ ಆಗಲೇ ಗೊತ್ತಿದೆ.

ದರ ಸರಿಯಾಗುವವರೆಗೂ ಕಾಯಬೇಡಿ. ಈ ವಾರದಿಂದಲೇ ಬುಧವಾರ ಮತ್ತು ಶನಿವಾರದ ಓ.ಟಿ. ಬಿಡಿ. ಸತತ ಎರಡು ದಿನಕ್ಕಿಂತ ಹೆಚ್ಚು ದೀರ್ಘ ಪಾಳಿ ಸೇರದಂತೆ ಇದು ತಡೆಯುತ್ತದೆ. ಆ ಎರಡು ಸಂಜೆ ಬೇರೆ ಗಳಿಕೆಗೆ ಹೋಗಬೇಡಿ, ಮಲಗಿ. ಕಡಿಮೆಯಾಗುವ ಹಣಕ್ಕೆ ಸಾಲ ಕೊಟ್ಟ ಬ್ಯಾಂಕಿನವರ ಬಳಿ ಹೋಗಿ ಕಂತಿನ ಅವಧಿ ಬೆಳೆಸಲು ಕೇಳಿ. ಬಡ್ಡಿ ಸ್ವಲ್ಪ ಹೆಚ್ಚಾಗುತ್ತದೆ, ಆ ಹೆಚ್ಚುವರಿ ಬಡ್ಡಿ ಕೊಡಲು ಯೋಗ್ಯವಾದದ್ದು. ರಾತ್ರಿ ಪಾಳಿಯ ವಾರಗಳಲ್ಲಿ ಮಲಗುವ ಕೋಣೆಯ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಮೊಬೈಲನ್ನು ಬೇರೆ ಕೋಣೆಯಲ್ಲಿಡಿ, ಮಲಗುವ ಆರು ಗಂಟೆ ಮುಂಚೆಯೇ ಟೀ ನಿಲ್ಲಿಸಿ. ತಾಯಿ ನಿವಾಳಿಸುವುದನ್ನು ತಡೆಯಬೇಡಿ. ಅವರು ಏನೋ ಕೆಟ್ಟಿದೆ ಎಂದು ನಿಮಗಿಂತ ಮೊದಲೇ ಗುರುತಿಸಿದ್ದಾರೆ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ.

ಕೊನೆಯದಾಗಿ, ಕಂಪನಿಗೆ ಗೊತ್ತಾಗುತ್ತದೆಯೇ ಎಂಬ ಭಯ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗೋಪ್ಯ. ಯಾರದ್ದಾದರೂ ಜೀವಕ್ಕೆ ಅಪಾಯವಿರುವಂಥ ಕೆಲವೇ ಸಂದರ್ಭಗಳನ್ನು ಬಿಟ್ಟರೆ, ನಿಮ್ಮ ಒಪ್ಪಿಗೆಯಿಲ್ಲದೆ ವೈದ್ಯರು ಅದನ್ನು ಕಂಪನಿಗಾಗಲಿ ಗುತ್ತಿಗೆದಾರನಿಗಾಗಲಿ ಹೇಳುವಂತಿಲ್ಲ. ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗಿದ್ದರೆ ನೀವು ಇ.ಎಸ್.ಐ. (ನೌಕರರ ಸರ್ಕಾರಿ ವಿಮೆ) ವ್ಯಾಪ್ತಿಗೆ ಬರುತ್ತೀರಿ. ಚೀಟಿಯಲ್ಲಿ ಅದಕ್ಕೆ ಶೇ 0.75 ಕಡಿತವಾಗಿದೆಯೇ ನೋಡಿ. ಆಗಿದ್ದರೆ ಚಿಕಿತ್ಸೆಗೆ ನೀವು ಹಣ ಕೊಡಬೇಕಿಲ್ಲ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿದ್ದು, ವೈದ್ಯರು ವಿಶ್ರಾಂತಿ ಬರೆದುಕೊಟ್ಟರೆ, ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ 70ರಷ್ಟು ಹಣವೂ ಸಿಗುತ್ತದೆ. ಕಡಿತ ಕಾಣಿಸದಿದ್ದರೆ ಆ ಪ್ರಶ್ನೆಯನ್ನೂ ಓ.ಟಿ. ದರದ ಜೊತೆಗೇ ಕೇಳಿ. ಆಸ್ಪತ್ರೆಯ ಓ.ಪಿ.ಡಿ. (ಹೊರರೋಗಿ ವಿಭಾಗ) ಭಾನುವಾರ ಇರುವುದಿಲ್ಲ, ಆದ್ದರಿಂದ ಓ.ಟಿ. ಬಿಡುವ ಬುಧವಾರದಂದೇ, ಅರ್ಧ ದಿನ ರಜೆ ಕೇಳಿಕೊಂಡು, ಇ.ಎಸ್.ಐ. ಕಾರ್ಡು ಮತ್ತು ಆಧಾರ್ ಇಟ್ಟುಕೊಂಡು ಹೋಗಿ.